ನಾಲ್ಕು ಸಾವಿರದಾಚೆಯ ಸೀಟಿ

ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದವನಿಗೆ ತನ್ನ ಕೆಲಸದ ಸುದ್ದಿ ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದೆಂದರೆ ಅದಕ್ಕೆ ಏನನ್ನಬೇಕು, ನೀವೇ ಹೇಳಿ. ಇದಾದದ್ದು ಗುರುವಾರ. ಇವತ್ತು ಶನಿವಾರ. 

ನನ್ನ ಹೆಸರು ಭೀಮರಾಯ. ಅಫಜಲಪುರದ ಕಡೆಯವನು. ಕಾಂದಿವಲಿ ಪೂರ್ವದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಗ್ಯಾರೇಜಿದೆ. ಇಲ್ಲಿಂದ ದಹಿಸರ್ ತನಕ ಯಾವ ಡ್ರೈವರನ್ನು ಬೇಕಾದರೂ ಕೇಳಿ ನೋಡಿ, 'ಕಾನ್‌ವಾಲಾ ಉಸ್ತಾದ್' ಅನ್ನುತ್ತಾರೆ. ಕಿವಿಯ ಉಸ್ತಾದ ಅಂತ. ಒಂದು ಮೊಳದ ಸ್ಕ್ರೂಡ್ರೈವರ್, ಕಟ್ಟಿಗೆಯ ಹಿಡಿಯದು, ಅದರ ತುದಿ ಎಂಜಿನ್ನಿಗೆ, ಹಿಡಿ ನನ್ನ ಕಿವಿಗೆ. ಅಷ್ಟೇ. ಬೇರಿಂಗ್ ಹೋಗಿದೆಯೋ, ಟ್ಯಾಪೆಟ್ ಸಡಿಲವಾಗಿದೆಯೋ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ಲ್ಯಾಪ್‌ಟಾಪು ಚುಚ್ಚಿ ಗಾಡಿ ನೋಡುವ ಹುಡುಗರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೇಳಿಸಿಕೊಳ್ಳಲು ಬಾರದವರು ಸೆನ್ಸರ್ ಬದಲಾಯಿಸಿ ಅನ್ನುತ್ತಾರೆ.

ನನ್ನ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಾನು ಎಂಜಿನ್ನಿಗೆ ಕಿವಿ ಕೊಟ್ಟಾಗ ಯಾರೂ ಬಾಯಿ ತೆಗೆಯುವಂತಿಲ್ಲ. ನಾನು ರೋಗ ಏನೆಂದು ಹೇಳುವ ಮುಂಚೆ ಯಾರೂ ಊಹೆ ಹೇಳುವಂತಿಲ್ಲ. ಇದನ್ನು ನಾನೇ ಮಾಡಿದ್ದು, ಇಲ್ಲದಿದ್ದರೆ ಪಾನ್ ಅಂಗಡಿಯವನೂ ಬಂದು ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದ. ಆದರೆ ನಾನು ಹೇಳಿದ ಮೇಲೂ ಯಾರೂ ಮಾತಾಡುತ್ತಿರಲಿಲ್ಲ. ಆ ಕಾನೂನು ನಾನು ಮಾಡಿದ್ದಲ್ಲ, ಅದು ತಾನಾಗಿ ಬಂದದ್ದು. ನನಗೆ ಅದು ಚೆನ್ನಾಗಿಯೇ ಇತ್ತು ಅನ್ನಿ.

ಹೋದ ವಾರದ ಶುಕ್ರವಾರ ತನುಶ್ರೀ ತನ್ನ ರೇಸ್ ಗಾಡಿ ತಂದಳು. ಸಯನ್‌ನಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಮೈಸೂರು ಕಡೆಯವರು, ಪವಾಯಿಯ ಐಟಿ ಆಫೀಸಿನಲ್ಲಿ ಕೆಲಸ. ರಜೆ ಬಂದರೆ ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗುವ ವಯಸ್ಸಿನಲ್ಲಿ ಈ ಹುಡುಗಿಗೆ ಹೆಲ್ಮೆಟ್ ಹಾಕಿಕೊಂಡು ಕಾಲು ಮೈಲಿಯ ರೇಸು ಓಡಿಸುವ ಹುಚ್ಚು. ಹದಿಮೂರು ವರ್ಷ ಹಳೆಯ ಪುಟ್ಟ ಕಾರು, ಹಿಂದಿನ ಸೀಟು ಕಿತ್ತು ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂರಿಸಿದ್ದಾಳೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಹಾಕಿಸಿದ್ದಾಳೆ. ಹಾಕಿದ್ದೂ ನಾನೇ.

"ಅಂಕಲ್, ಫೋರ್ ಥೌಸಂಡ್ ಆರ್‌ಪಿಎಂ ದಾಟಿದ್ರೆ ಗಾಡಿ ಎಳೆಯೋದೇ ಇಲ್ಲ. ದಮ್ಮೇ ಇಲ್ಲ. ಕಳೆದ ಸಲ ಹದಿನೈದು ಸೆಕೆಂಡ್ ಆಗಿತ್ತಲ್ಲ, ಈಗ ಹದಿನೇಳೂವರೆ," ಅಂದಳು. "ಮುಂದಿನ ಸಂಡೇ ರೇಸು. ಗುರುವಾರದೊಳಗೆ ಆಗಿಲ್ಲ ಅಂದ್ರೆ ಪವಾಯಿಯಲ್ಲಿ ಒಂದು ಟ್ಯೂನಿಂಗ್ ಸೆಂಟರ್ ಇದೆ, ಅಲ್ಲಿ ಕೊಡ್ತೀನಿ. ಪ್ಲೀಸ್, ಬೇಜಾರ್ ಮಾಡ್ಕೋಬೇಡಿ."

ಬೇಜಾರು! ಮೈಗೆ ಬೆಂಕಿ ಬಿದ್ದಂತಾಯಿತು. ನಾನು ಹಾಕಿದ ಟರ್ಬೊ, ನಾನು ಕಟ್ಟಿದ ಎಂಜಿನ್ನು, ಅದನ್ನು ಪವಾಯಿಯ ಲ್ಯಾಪ್‌ಟಾಪು ಹುಡುಗರು ಬಿಚ್ಚಿ "ಕಾನ್‌ವಾಲಾನಿಗೆ ತಿಳೀಲಿಲ್ಲ" ಅಂದರೆ ನನ್ನ ಹೆಸರು ಅಲ್ಲಿಗೆ ಮಣ್ಣುಗೂಡಿತು. ನನ್ನ ಹತ್ತಿರ ಇರುವುದು ಆ ಹೆಸರೊಂದೇ. ಬೋರ್ಡು ಕೂಡ ಇಲ್ಲ ನನ್ನ ಗ್ಯಾರೇಜಿಗೆ, ಹೆಸರು ಕೇಳಿಯೇ ಜನ ಬರುತ್ತಾರೆ.

"ಗುರುವಾರ ಯಾಕವ್ವಾ, ಸೋಮವಾರ ಬಾ," ಅಂದೆ.

ಅವಳ ಪಕ್ಕ ಕೂತು ಎಸ್ಟೇಟಿನ ಹಿಂದಿನ ನೇರ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದೆ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟಿತು, ಗಾಡಿ ಮುಗ್ಗರಿಸಿತು. ಎಂಜಿನ್ನು ಮಾತ್ರ ಗುಂಯ್ ಅಂತ ಒಂದೇ ಸಮ ಗುನುಗುತ್ತಿತ್ತು. ಟಕಟಕ ಇಲ್ಲ, ಕೆಮ್ಮಿಲ್ಲ. ತನುಶ್ರೀ "ಅಂಕಲ್, ಒಂದ್ ಮಿನಿಟ್, ಆ..." ಅಂತ ಶುರು ಮಾಡಿದಳು. ನಾನು ಕೈ ಎತ್ತಿದೆ.

"ಎಂಜಿನ್ ಮಾತಾಡೋ ಮುಂದ ಮನಷ್ಯಾರು ಮಾತಾಡಬಾರದು."

ಪಾಪ, ಸುಮ್ಮನಾದಳು. ವಾಪಸ್ ಬಂದ ಮೇಲೆ ತನ್ನ ಫೋನು ತೋರಿಸಿದಳು. ಅದರಲ್ಲಿ ಗಾಳಿಯ ಒತ್ತಡ ಹನ್ನೊಂದು ಇರಬೇಕಾದ ಕಡೆ ಐದು ಅಂತ ಬರುತ್ತಿತ್ತು. "ಸೆನ್ಸರ್ ಸುಳ್ಳ್ ಹೇಳ್ತದ, ಕಿವಿ ಹೇಳಂಗಿಲ್ಲ," ಅಂದೆ. ನಮ್ಮ ಅಮೋಲ್ ಅವಳಿಗೆ ಕಣ್ಸನ್ನೆ ಮಾಡಿದ, ಸುಮ್ಮನಿರು ಅಂತ. ಅಮೋಲ್ ಡೆಂಟಿಂಗ್ ಪೇಂಟಿಂಗ್ ಮಾಡುವವನು, ಸಾತಾರಾ ಕಡೆಯವನು, ನನ್ನ ವಯಸ್ಸಿನವನೇ. ಅವನು ಕೂಡ ಹೀಗೆ ಅಂಜುತ್ತಿದ್ದ.

ಶನಿವಾರ ಬೆಳಗ್ಗೆ ಪ್ಲಗ್ ನೋಡಿದೆ, ಪೆಟ್ರೋಲ್ ಪಂಪು ನೋಡಿದೆ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದೆ. ಎಲ್ಲ ಠೀಕ್. ಸ್ಕ್ರೂಡ್ರೈವರ್ ಇಟ್ಟು ಅರ್ಧ ಗಂಟೆ ಕೇಳಿದೆ. ಏನೂ ಸಿಗಲಿಲ್ಲ. ತಲೆ ಕೆಟ್ಟಿತು. ಮುಖಕ್ಕೆ ನೀರು ಹಾಕಿಕೊಂಡು ಬರೋಣವೆಂದು ನಲ್ಲಿಯ ಕಡೆ ಹೋದೆ. ತಿರುಗಿ ಬಂದರೆ ಯಲ್ಲಾಲಿಂಗ ಬಾನೆಟ್ಟಿನೊಳಗೆ ಬಗ್ಗಿ ಒಂದು ಕ್ಲಾಂಪಿಗೆ ಕೈ ಹಾಕಿದ್ದ.

ಯಲ್ಲಾಲಿಂಗ ನನ್ನ ಹೆಂಡತಿ ಇಂದ್ರಾಬಾಯಿಯ ತಮ್ಮ. ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ. ಎರಡು ಮಕ್ಕಳ ತಂದೆ. ಕೆಲಸ ಕಲಿಸಿದ್ದು ನಾನು, ಮದುವೆ ಮಾಡಿದ್ದು ನಾನು. ಆದರೆ ಈಚೆಗೆ ಎರಡು ಮೂರು ವರ್ಷದಿಂದ ಅವನ ಮೇಲೆ ನನಗೊಂದು ಅನುಮಾನ. ಗಿರಾಕಿಯ ಗಾಡಿ ಮುಟ್ಟಿಸಿ ಬಾ ಎಂದು ಕಳಿಸಿದರೆ ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಚ್ಚುತ್ತಿದ್ದ. ಕೇಳಿದರೆ ಟ್ರಾಫಿಕ್ ಅನ್ನುತ್ತಿದ್ದ. ನನ್ನ ಗಿರಾಕಿಗಳನ್ನು ಒಳಗೊಳಗೇ ಹಿಡಿದುಕೊಂಡು ತನ್ನದೇ ಗ್ಯಾರೇಜು ಹಾಕುವ ಹುನ್ನಾರ ಅಂತ ನಾನು ತಿಳಿದಿದ್ದೆ.

"ಏನ್ ಮಾಡ್ಲಾಕತ್ತೀಯೋ ಅಲ್ಲಿ?"

ಬೆಚ್ಚಿಬಿದ್ದ. "ಏನಿಲ್ಲ ಮಾವಾ. ಇದು ಜರಾ ಸಡ್ಲ ಇದ್ದಂಗ ಅನಿಸ್ತು."

"ನಾ ಅಂದೀನೇನು ಸಡ್ಲ ಅದ ಅಂತ?"

"ಇಲ್ಲ..."

"ಮತ್ತ? ನಾ ಸತ್ತೀನೇನು? ಮಂಗ್ಯಾ, ಗಿರಾಕಿ ಮುಂದ ನನ್ನ ಮಾನ ಕಳಿಲಾಕ ನಿಂತೀಯೇನು?"

ಹೊಡೆದೇಬಿಟ್ಟೆ. ಕಪಾಳಕ್ಕೆ. ಇಬ್ಬರು ರಿಕ್ಷಾದವರು ನಿಂತಿದ್ದರು, ಅಮೋಲ್ ಇದ್ದ. ಮೂವತ್ತಾರು ವರ್ಷದ ಗಂಡಸು, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಸ್ಕ್ರೂಡ್ರೈವರ್ ಅದರ ಜಾಗಕ್ಕೆ ಇಟ್ಟ, ಕೈ ತೊಳೆದ, ಗೂಟದ ಮೇಲಿನ ಅಂಗಿ ಹಾಕಿಕೊಂಡು ಹೊರಟ. "ಮತ್ತ ಈ ಕಡಿ ಬಂದ್ರ ಕಾಲ್ ಮುರೀತೀನಿ," ಎಂದು ನಾನು ಹಿಂದಿನಿಂದ ಕೂಗಿದೆ. ಅವನು ತಿರುಗಿ ನೋಡಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಇಂದ್ರಾಬಾಯಿಯ ಮಾತು ಬಂದ್. ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ತಮ್ಮನ ಪರ ಅಂದುಕೊಂಡೆ. ಇರಲಿ, ಎರಡು ದಿನ ಉರಿದು ತಾನೇ ಆರುತ್ತಾಳೆ ಅಂತ ಬಿಟ್ಟೆ.

ಕಿವಿಗೆ ಏನೂ ಸಿಗದಿದ್ದ ಮೇಲೆ ತಪ್ಪು ಎಂಜಿನ್ನಿನ ಒಳಗೇ ಇರಬೇಕು. ವಾಲ್ವುಗಳು ಬಿಸಿಯಾದ ಮೇಲೆ ಸರಿಯಾಗಿ ಕೂರುತ್ತಿಲ್ಲ ಅಂತ ತೀರ್ಮಾನ ಹೇಳಿದೆ. ಸೋಮವಾರ, ಮಂಗಳವಾರ, ಹೆಡ್ ಪೂರಾ ಬಿಚ್ಚಿ ಟೇಬಲ್ಲಿನ ಮೇಲೆ ತಿರುವಿ ಹಾಕಿದೆ. ವಾಲ್ವುಗಳ ಮೇಲೆ ಪೆಟ್ರೋಲು ಸುರಿದು ಕಾದೆ, ಸೋರಿದರೆ ಹನಿ ಇಳಿಯಬೇಕು. ಒಂದು ಗಂಟೆ ನಿಂತೆ. ಒಂದೇ ಒಂದು ಹನಿ ಇಳಿಯಲಿಲ್ಲ. ವಾಲ್ವುಗಳು ನಾನು ಕೂರಿಸಿದ ದಿನ ಹೇಗಿದ್ದವೋ ಹಾಗೇ ಇದ್ದವು. ಗಾಳಿಯ ಪೈಪುಗಳನ್ನು ನನ್ನ ಕೈಯಿಂದಲೇ ಬಿಚ್ಚಿದೆ, ನನ್ನ ಕೈಯಿಂದಲೇ ಹಾಕಿದೆ. ಬುಧವಾರ ಸಂಜೆ ಎಲ್ಲ ಜೋಡಿಸಿ ಗಾಡಿ ಓಡಿಸಿದರೆ ಅದೇ ರಾಗ. ನಾಲ್ಕು ಸಾವಿರಕ್ಕೆ ದಮ್ಮು ಹೋಯಿತು. ಎಂಥ ಎಂಥ ಎಂಜಿನ್ನು ಕಂಡವನಿಗೆ ಈ ಗೇಣುದ್ದದ್ದು ನೀರು ಕುಡಿಸುತ್ತಿದೆಯಲ್ಲ ಅಂತ ಸ್ಟಿಯರಿಂಗಿಗೆ ಗುದ್ದಿದೆ.

ನಾನು ಕೊಟ್ಟ ಸೋಮವಾರದ ವಾಯಿದೆ ಎಂದೋ ದಾಟಿತ್ತು. ಗುರುವಾರ ಒಂಬತ್ತಕ್ಕೆ ತನುಶ್ರೀ ಬಂದಳು. "ಇನ್ನೊಂದ್ ಸುತ್ತು ಹೊಡಿ, ಕೇಳ್ತೀನಿ," ಅಂದೆ. ಕೂತೆವು. ಅದೇ ರಸ್ತೆ. ಎರಡನೇ ಗೇರಿನಲ್ಲಿ ಒತ್ತಿದಳು. ಮೂರು ಸಾವಿರ, ಮೂರೂವರೆ, ನಾಲ್ಕು. ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ.

"ಇನ್ನೂ ಹಾಗೇ ಇದೆ ಅಲ್ವಾ ಅಂಕಲ್, ಆ ಸೀಟಿ?" ಅಂದಳು.

"ಯಾವ ಸೀಟಿ?"

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಗಾಡಿ ನಿಧಾನ ಮಾಡಿ ಮತ್ತೆ ಒತ್ತಿದಳು. "ಈಗ. ಈಗ ಬರ್ತಿದೆ ನೋಡಿ. ಪೀಈಈ ಅಂತ. ಶುಕ್ರವಾರ ನಾನು ಹೇಳೋಕೆ ಹೋಗಿದ್ದು ಇದೇ. ನಿಮಗೆ ಕೇಳಿಸ್ತಿದೆ, ನೀವು ಏನೋ ಯೋಚನೆ ಮಾಡ್ತಿದ್ದೀರಿ ಅಂತ..."

ನನಗೆ ಎಂಜಿನ್ನಿನ ಗುಂಯ್ ಕೇಳುತ್ತಿತ್ತು. ಟೈರಿನ ಸದ್ದು, ರಸ್ತೆಯ ಸದ್ದು ಕೇಳುತ್ತಿತ್ತು. ಸೀಟಿ ಇರಲಿಲ್ಲ. ಎಳ್ಳಷ್ಟೂ ಇರಲಿಲ್ಲ.

"ಗಾಡಿ ತಿರುಗ್ಸು," ಅಂದೆ. ಹುಡುಗಿಗೆ ಹುಚ್ಚು ಹಿಡಿದಿದೆ ಅಂತಲೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಗ್ಯಾರೇಜಿನಲ್ಲಿ ಇಂದ್ರಾಬಾಯಿ ನಾಷ್ಟಾದ ಡಬ್ಬಿ ತಂದು ಸ್ಟೂಲಿನ ಮೇಲೆ ಕೂತಿದ್ದಳು. ಅಮೋಲ್ ಒಂದು ಬಾಗಿಲಿಗೆ ಮರಳು ಕಾಗದ ತಿಕ್ಕುತ್ತಿದ್ದ. "ಬರ್ರಿ ಇಲ್ಲಿ," ಎಂದು ಇಬ್ಬರನ್ನೂ ಕರೆದೆ. ತನುಶ್ರೀಗೆ ಎಂಜಿನ್ನಿಗೆ ರೇಸ್ ಕೊಡಲು ಹೇಳಿದೆ. "ಸೀಟಿ ಬರ್ಲಾಕತ್ತದಂತ. ಬರ್ತದೇನು? ಖರೇ ಹೇಳ್ರಿ. ಈ ಹುಡುಗಿಗೆ ಜರಾ ತಿಳೀಲಿ."

ಅಮೋಲ್ ಮರಳು ಕಾಗದ ನೋಡಿದ. ಇಂದ್ರಾಬಾಯಿ ನೆಲ ನೋಡಿದಳು.

"ಬರ್ತದೇನು ಅಂತ ಕೇಳ್ಲಾಕತ್ತೀನಿ!"

"ಬರ್ತದ," ಅಂದಳು ಇಂದ್ರಾಬಾಯಿ. ಐದು ದಿನದಲ್ಲಿ ನನಗೆ ಅವಳು ಆಡಿದ ಮೊದಲ ಮಾತು ಅದು.

ಎಲ್ಲರೂ ಸೇರಿ ನನ್ನನ್ನು ಕೋತಿ ಮಾಡುತ್ತಿದ್ದಾರೆ ಅಂತ ಕಿರುಚಾಡಿದೆ. ಏನೇನು ಬೈದೆನೋ, ಅಮೋಲನ ಅಪ್ಪನನ್ನೂ ಬಿಡಲಿಲ್ಲ. ತನುಶ್ರೀ ಎಂಜಿನ್ ಆರಿಸಿದಳು. ತನ್ನ ಫೋನು ತೆಗೆದು ಏನೋ ಒತ್ತಿ ನನ್ನ ಮುಂದೆ ಹಿಡಿದಳು. "ಅಂಕಲ್, ಇದು ಬರೀ ಟೋನು. ದಪ್ಪ ದನಿಯಿಂದ ಶುರು ಮಾಡ್ತೀನಿ. ಕೇಳ್ತಿದ್ರೆ ಹೂಂ ಅನ್ನಿ, ಅಷ್ಟೇ."

ಫೋನು ಭೂಂ ಅಂದಿತು. "ಹೂಂ," ಅಂದೆ. ಬೆರಳು ಸರಿಸಿದಳು, ಸದ್ದು ತೆಳ್ಳಗಾಯಿತು. "ಹೂಂ." ಇನ್ನೂ ತೆಳ್ಳಗೆ, ದಾರದ ಎಳೆಯ ಹಾಗೆ. "ಹೂಂ." ಆಮೇಲೆ ಸುಮ್ಮನಾಯಿತು.

"ಮುಂದ ಹಚ್ಚು," ಅಂದೆ.

ಅವಳ ಬೆರಳು ಇನ್ನೂ ಸರಿಯುತ್ತಲೇ ಇತ್ತು. ಇಂದ್ರಾಬಾಯಿ ಎರಡೂ ಕಿವಿಗೆ ಸೆರಗು ಒತ್ತಿಕೊಂಡಳು. ಅಮೋಲ್ ಹಲ್ಲು ಕಚ್ಚಿ ಮುಖ ಕಿವುಚಿದ. ಹೊರಗೆ ನೆರಳಲ್ಲಿ ಮಲಗಿದ್ದ ಎಸ್ಟೇಟಿನ ನಾಯಿ ಎದ್ದು ನಿಂತು ನಮ್ಮ ಕಡೆ ನೋಡಿತು.

ನಾನು ಫೋನು ಕಸಿದುಕೊಂಡೆ. ವಾಲ್ಯೂಮು ನೋಡಿದೆ, ಪೂರಾ ಮೇಲಿತ್ತು. ಎಡಗಿವಿಗೆ ಒತ್ತಿ ಹಿಡಿದೆ. ಬಲಗಿವಿಗೆ ಹಿಡಿದೆ. ಫೋನು ನನ್ನ ಕೈಯಲ್ಲಿ ಸಣ್ಣಗೆ ಕಂಪಿಸುತ್ತಿತ್ತು, ಅದು ಬೆರಳಿಗೆ ತಿಳಿಯುತ್ತಿತ್ತು. ಕಿವಿಗೆ ಏನೂ ಇಲ್ಲ. ನನ್ನ ಎದೆ ಹೊಡೆದುಕೊಳ್ಳುವುದು ಮಾತ್ರ ಕೇಳುತ್ತಿತ್ತು. ಅಯ್ಯೋ ಶಿವನೇ! ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ.

"ಯಾವಾಗಿಂದ?" ಅಂದೆ. ಯಾರನ್ನು ಕೇಳಿದೆನೋ ನನಗೇ ಗೊತ್ತಿಲ್ಲ.

"ಮೂರ್ ವರ್ಷ ಆತು," ಅಂದಳು ಇಂದ್ರಾಬಾಯಿ. "ರಾತ್ರಿ ಸೊಳ್ಳಿ ಕಿವ್ಯಾಗ ಹಾಡಿದ್ರ ನಾ ಎದ್ದು ಕೂಡ್ತೀನಿ, ನೀವು ಗೊರಕಿ ಹೊಡೀತೀರಿ. ಬೆಳಿಗ್ಗಿ ಎದ್ದು ಮೈಯೆಲ್ಲ ಕೆರಕೋತ ನಮ್ಮ ಕಡಿ ಸೊಳ್ಳಿ ಕಡಿಮಿ ಆದ್ವು ಅಂತೀರಿ. ಸಯನ್ ಆಸ್ಪತ್ರಿಗಿ ಹೋಗೋಣು, ಕಿವಿ ತೋರ್ಸೋಣು ಅಂತ ಅಂದಿದ್ದೆ. ಏನಂದ್ರಿ ನೆನಪದ? 'ಕಾನ್‌ವಾಲಾನ ಕಿವಿ ನೋಡ್ಲಾಕ ಇನ್ನೂ ಡಾಕ್ಟರ್ ಹುಟ್ಟಿಲ್ಲ' ಅಂದ್ರಿ."

ನೆನಪಿತ್ತು. ಅವತ್ತು ನಾಲ್ಕು ಜನರ ಮುಂದೆ ಅಂದಿದ್ದೆ, ಎಲ್ಲರೂ ನಕ್ಕಿದ್ದರು.

"ಮತ್ತ ಈ ಸೀಟಿ? ಐದು ದಿನದಿಂದ ಎಂಜಿನ್ ಬಿಚ್ಚಿ ಕುಂತೀನಲ್ಲೋ ಅಮೋಲ್! ಬಾಯಾಗ ಏನ್ ಇಟ್ಕೊಂಡಿದ್ದಿ?"

ಅಮೋಲ್ ಮರಾಠಿಯಲ್ಲಿ ಗೊಣಗಿದ. ಉಸ್ತಾದನಿಗೆ ಕೇಳಿಸಿಯೇ ಇರುತ್ತದೆ, ಅದು ಲೆಕ್ಕಕ್ಕಿಲ್ಲ ಅಂತ ಬಿಟ್ಟಿದ್ದಾರೆ ಅಂದುಕೊಂಡನಂತೆ. ಉಸ್ತಾದ ಬೇಡವೆಂದ ಮೇಲೆ ತನಗೆ ಕೇಳಿದ್ದೇ ಸುಳ್ಳಿರಬೇಕು ಅಂತ ಅವನ ತರ್ಕ. ತನುಶ್ರೀಯೂ ತಲೆಯಾಡಿಸಿದಳು. ಅವಳೂ ಹಾಗೇ ಅಂದುಕೊಂಡಿದ್ದಳು, ಅಷ್ಟು ಓದಿದವಳು!

"ಎಲ್ಲಿಂದ ಬರ್ತದ ಅದು?" ಅಂದೆ.

ಇಂದ್ರಾಬಾಯಿ ಎದ್ದಳು. ಮೂವತ್ತು ವರ್ಷದಲ್ಲಿ ಎಂಜಿನ್ನು ಮುಟ್ಟಿದವಳಲ್ಲ. ತನುಶ್ರೀ ರೇಸ್ ಕೊಟ್ಟಳು, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ಟಿನೊಳಗೆ ಬಗ್ಗಿದಳು, ಕಿವಿ ಆ ಕಡೆ ಈ ಕಡೆ ತಿರುಗಿಸಿದಳು, ಬೆರಳು ಚಾಚಿದಳು. "ಇಲ್ಲಿ," ಅಂದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪು. ಸಾಬೂನಿನ ನೀರು ಹಾಕಿದೆ. ಕ್ಲಾಂಪಿನ ಅಡಿಯಲ್ಲಿ, ಕೆಳಮೈಯಲ್ಲಿ, ಗುಳ್ಳೆ ಎದ್ದಿತು. ಬಿಚ್ಚಿ ನೋಡಿದರೆ ಉಗುರಿನಷ್ಟು ಸೀಳು. ಒತ್ತಡ ಏರಿದಾಗ ಬಾಯಿ ಬಿಡುವುದು, ಇಲ್ಲದಾಗ ಮುಚ್ಚಿಕೊಳ್ಳುವುದು. ಎಂಜಿನ್ನಿಗೆ ಹೋಗಬೇಕಾದ ಗಾಳಿಯಲ್ಲಿ ಅರ್ಧ ಅಲ್ಲೇ ಸೀಟಿ ಹೊಡೆಯುತ್ತ ಹೊರಗೆ ಹೋಗುತ್ತಿತ್ತು. ನಾನು ಅದನ್ನು ನನ್ನ ಕೈಯಾರೆ ಬಿಚ್ಚಿ ಹಾಕಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಕಿವಿ ಹೇಳದೆ ನನ್ನ ಕಣ್ಣು ಏನನ್ನೂ ಹುಡುಕುವುದಿಲ್ಲ, ಅದು ನನ್ನ ಕೆಲಸದ ರೀತಿ. ಹೊಸ ಪೈಪು ಹಾಕಲು ಇಪ್ಪತ್ತು ನಿಮಿಷ. ತನುಶ್ರೀ ಓಡಿಸಿಕೊಂಡು ಬಂದಳು. ಹನ್ನೊಂದು ತೋರಿಸುತ್ತಿದೆ ಎಂದು ಫೋನು ಎತ್ತಿ ಹಿಡಿದು ಕುಣಿದಳು. ಆಮೇಲೆ ನನ್ನನ್ನು ನೋಡಿ ಕುಣಿಯುವುದು ನಿಲ್ಲಿಸಿದಳು.

"ಅವತ್ತು ಯಲ್ಲಾಲಿಂಗ ಇದಕ್ಕೇ ಕೈ ಹಾಕಿದ್ನಂತ," ಅಂದಳು ಇಂದ್ರಾಬಾಯಿ. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು.

 ಆ ಕ್ಲಾಂಪು. ಅದೇ ಕ್ಲಾಂಪು. ಬಲಗೈ ಅಂಗೈ ಉರಿಯತೊಡಗಿತು, ಹೊಡೆದದ್ದು ಆ ಗಳಿಗೆಯೇ ಎಂಬಂತೆ. ಸ್ಕೂಟರಿನ ಕೀಲಿ ತೆಗೆದುಕೊಂಡೆ.

ಯಲ್ಲಾಲಿಂಗನ ಮನೆ ಪೋಯಿಸರ್‌ನ ಒಂದು ಚಾಳ್. ಬಾಗಿಲಲ್ಲಿ ಅವನ ಹೆಂಡತಿ ದಾನೇಶ್ವರಿ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಮೊರ ಸರಿಸಿ ಎದ್ದು ನಿಂತಳು, ಒಳಗೆ ಬನ್ನಿ ಅನ್ನಲಿಲ್ಲ. ಅನ್ನಬೇಕಾದ ಜರೂರತ್ತೂ ಇರಲಿಲ್ಲ. ಒಳಗಿನಿಂದ ಅವನೇ ಬಂದ. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ: ತಪ್ಪಾತು, ಹಿರಿಯನ ಕೈ, ಮನಸ್ಸಿಗೆ ಹಚ್ಚಿಕೋಬ್ಯಾಡ, ಹೀಗೆಲ್ಲ.

"ಯಲ್ಲಾಲಿಂಗಾ, ನನಗ ಕಿವಿ..." ಅಂದೆ, ಬೆರಳಿನಿಂದ ಕಿವಿ ತೋರಿಸಿದೆ.

ಅವನು ಒಂದು ಗಳಿಗೆ ನನ್ನನ್ನು ನೋಡಿದ. ನಾನೇಕೆ ಬಂದೆ ಎಂದು ಕೇಳಲಿಲ್ಲ. ಹೊಡೆದದ್ದರ ಮಾತೂ ಎತ್ತಲಿಲ್ಲ.

"ಮಾವಾ, ಈ ಐದು ದಿನದಾಗ ಎಷ್ಟು ಗಾಡಿ ಹೊರಗ ಹೋದ್ವು?" ಅಂದ.

ನನಗೆ ತಿಳಿಯಲಿಲ್ಲ. "ಯಾಕ?"

"ಬ್ರೇಕ್, ಮಾವಾ. ಬ್ರೇಕ್ ಪ್ಯಾಡ್."

ಆಗ ತಿಳಿಯಿತು. ಬ್ರೇಕ್ ಪ್ಯಾಡು ಸವೆಯುತ್ತ ಬಂದಾಗ ಅದರಲ್ಲೊಂದು ಸಣ್ಣ ತಗಡು ಡಿಸ್ಕಿಗೆ ತಾಗಿ ಚೀ ಅನ್ನುತ್ತದೆ. ಎಚ್ಚರಿಸುವುದಕ್ಕೆಂದೇ ಇಟ್ಟದ್ದು ಅದು. ಟ್ರಯಲ್ ಹೊಡೆಯುವಾಗ ಚೀ ಅನ್ನದಿದ್ದರೆ ನಾನು ಚಕ್ರ ಬಿಚ್ಚುವುದೇ ಇಲ್ಲ. ಪಾಸ್ ಅನ್ನುತ್ತೇನೆ. ಮೂರು ವರ್ಷದಿಂದ ನನಗೆ ಒಂದು ಗಾಡಿಯೂ ಚೀ ಅಂದಿರಲಿಲ್ಲ. ಈಗಿನ ಕಂಪನಿಗಳು ಪ್ಯಾಡು ಗಟ್ಟಿ ಮಾಡುತ್ತಿವೆ ಅಂತ ನಾನು ಡ್ರೈವರುಗಳಿಗೆ ಭಾಷಣ ಕೂಡ ಕೊಟ್ಟಿದ್ದೆ.

"ಮೂರ್ ವರ್ಷದಿಂದ..." ಅಂದೆ.

"ಮುಟ್ಸಲಾಕ ಒಯ್ಯೋ ಮುಂದ ಮಿಲಿಟ್ರಿ ರೋಡಿನ ಹಂತೇಲಿ ನಿಲ್ಸಿ ಹೊಸಾ ಪ್ಯಾಡ್ ಹಾಕಿ ಕೊಡ್ತಿದ್ದೆ. ಗಿರಾಕಿಗೂ ಹೇಳ್ತಿರಲಿಲ್ಲ. ನಿಮ್ಮ ಹೆಸರು..." ಅಂದು ಅಷ್ಟಕ್ಕೇ ನಿಲ್ಲಿಸಿದ. "ಅದ್ ಇರ್ಲಿ. ಯಾವ್ಯಾವ ಗಾಡಿ ಹೋದ್ವು, ನೆನಪ್ ಮಾಡ್ಕೋರಿ."

ಒಂದೂವರೆ ಗಂಟೆ ತಡವಾಗುತ್ತಿದ್ದದ್ದು ಅದಕ್ಕೆ. ಥೂ ನನ್ನ ಜನ್ಮಕ್ಕಿಷ್ಟು! ಆದರೆ ಅಳುವುದಕ್ಕೆ ಅದು ಹೊತ್ತಲ್ಲ. ಬೆರಳು ಮಡಚಿದೆ. ರೇಸ್ ಗಾಡಿಯ ಹಿಂದೆ ಬಿದ್ದು ಬೇರೆ ಕೆಲಸ ಹೆಚ್ಚು ಹಿಡಿದಿರಲಿಲ್ಲ. ಎರಡು ರಿಕ್ಷಾ, ಅವಕ್ಕೆ ಈ ಥರದ ಪ್ಯಾಡಿಲ್ಲ. ಒಬ್ಬ ವಕೀಲರ ಕಾರು, ಹೊಚ್ಚ ಹೊಸದು, ಬರೀ ಆಯಿಲ್ ಬದಲಾವಣೆಗೆ ಬಂದದ್ದು. ಮತ್ತೆ ಸೋಮವಾರ, ಕ್ಲಚ್ ಕೇಬಲ್ಲಿಗೆ ಅಂತ ಬಂದ ವ್ಯಾನು. ಅದರ ಡ್ರೈವರು "ಉಸ್ತಾದ್, ಬ್ರೇಕ್ ಭೀ ಜರಾ ದೇಖ್ ಲೇನಾ" ಅಂದಿದ್ದ, ಬ್ರೇಕನ್ನೂ ಸ್ವಲ್ಪ ನೋಡಿ ಅಂತ. ಕಿಟಕಿಯಿಂದ ತಲೆ ಹೊರಗೆ ಹಾಕಿ ಎರಡು ಸಲ ಬ್ರೇಕ್ ಹೊಡೆಸಿ, "ಏಕದಂ ಪಾಸ್" ಅಂದಿದ್ದೆ.

"ಹಿತೇಶ್," ಅಂದೆ. ನನ್ನ ದನಿ ನನಗೇ ಬೇರೆ ಕೇಳಿತು. "ಸಾಲಿ ಮಕ್ಕಳ ವ್ಯಾನ್."

ಯಲ್ಲಾಲಿಂಗ ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಸ್ಕೂಟರಿನ ಕೀಲಿ ನನ್ನ ಕೈಯಿಂದ ಕಿತ್ತುಕೊಂಡ, ನಾನು ಹಿಂದೆ ಕೂತೆ. ಹಿತೇಶನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಗಾಡಿ ಓಡಿಸುವಾಗ ಅವನು ಫೋನು ಎತ್ತುವುದಿಲ್ಲ, ಒಳ್ಳೆಯ ಡ್ರೈವರು. ಹನ್ನೆರಡೂ ಇಪ್ಪತ್ತು ಆಗಿತ್ತು. ಸಣ್ಣ ಮಕ್ಕಳ ಶಾಲೆ ಹನ್ನೆರಡೂವರೆಗೆ ಬಿಡುತ್ತದೆ. ಲೋಖಂಡ್‌ವಾಲಾದ ಆ ಗುಡ್ಡದ ಮೇಲಿನ ಬಿಲ್ಡಿಂಗುಗಳಿಗೆ ಅವನು ಮಕ್ಕಳನ್ನು ಮುಟ್ಟಿಸುವುದು. ಏರುವಾಗ ಚಿಂತೆಯಿಲ್ಲ, ಇಳಿಯುವಾಗ ಆ ಇಳಿಜಾರಿನ ತುದಿಗೆ ಸಿಗ್ನಲ್ಲು. ನಾನು ಹಿಂದೆ ಕೂತು ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ.

ಶಾಲೆಯ ಗೇಟಿನ ಹತ್ತಿರ ವ್ಯಾನು ಸಿಕ್ಕಿತು. ಮಕ್ಕಳು ಆಗಲೇ ಹತ್ತಿ ಕೂತಿದ್ದವು, ನೀರಿನ ಬಾಟಲಿ, ಗದ್ದಲ. ಹಿತೇಶ್ ಸ್ಟಾರ್ಟ್ ಮಾಡಿದ್ದ. ನಾನು ಓಡಿಹೋಗಿ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುವಿ ಎಳೆದುಕೊಂಡೆ.

"ಅರೇ ಉಸ್ತಾದ್! ಕ್ಯಾ ಹುವಾ?"

"ಬ್ರೇಕ್ ಹಾಕಿದ್ರ ಚೀ ಅಂತದೇನು?"

ಅವನಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ. ನಕ್ಕ. "ಹಾಂ, ಆವಾಜ್ ತೋ ಆತಾ ಹೈ, ಆಠ್ ದಸ್ ದಿನ್ ಸೇ. ಪರಸೋಂ ಸೇ ಖರ್ರ್ ಖರ್ರ್ ಭೀ. ಲೇಕಿನ್ ಆಪನೇ ಕಾನ್ ಲಗಾಕೇ ಪಾಸ್ ಕಿಯಾ ನಾ, ಫಿರ್ ಟೆನ್ಷನ್ ಕಾಯ್‌ಕಾ?"

ಎಂಟು ಹತ್ತು ದಿನದಿಂದ ಸದ್ದು ಬರುತ್ತಿದೆಯಂತೆ, ಮೊನ್ನೆಯಿಂದ ಖರ್ರ್ ಅಂತಲೂ ಅನ್ನುತ್ತದಂತೆ, ನಾನು ಕಿವಿಯಿಟ್ಟು ಪಾಸ್ ಮಾಡಿದ ಮೇಲೆ ಚಿಂತೆ ಏಕೆ ಅಂತ ಬಿಟ್ಟಿದ್ದನಂತೆ. ಯಲ್ಲಾಲಿಂಗ ಆಗಲೇ ಡಾಂಬರಿನ ಮೇಲೆ ಅಂಗಾತ ಮಲಗಿ ಫೋನಿನ ಬೆಳಕು ಮುಂದಿನ ಚಕ್ರದೊಳಗೆ ಬಿಟ್ಟಿದ್ದ. "ಮಾವಾ, ಪ್ಯಾಡ್ ಇಲ್ಲೇ ಇಲ್ಲ," ಅಂದ ಅಲ್ಲಿಂದಲೇ. "ಬರೇ ಕಬ್ಬಿಣ. ಡಿಸ್ಕ್ ಕೆತ್ತಿ ಹೋಗ್ಯದ. ಬ್ರೇಕ್ ಆಯಿಲ್‌ನೂ ಸೋರ್ಲಾಕತ್ತದ. ಇದು ಇವತ್ತು ಇಳಿಜಾರಿನಾಗ ನಿಲ್ತಿರಲಿಲ್ಲ."

ಒಳಗೆ ಒಂದು ಮಗು ಕಿಟಕಿಯ ಗಾಜಿಗೆ ಮೂಗು ಒತ್ತಿ ನನ್ನನ್ನು ನೋಡುತ್ತಿತ್ತು.  ಬಾಗಿಲು ಹಿಡಿದುಕೊಂಡೆ.

"ಹಿತೇಶ್, ನನಗ ಕಿವಿ ಕೇಳಂಗಿಲ್ಲ," ಅಂದೆ.

ಅವನು ಜೋರಾಗಿ ನಕ್ಕ. ಪಕ್ಕದ ವ್ಯಾನಿನ ಡ್ರೈವರನ್ನು ಕರೆದು, "ಸುನ್, ಕಾನ್‌ವಾಲಾ ಉಸ್ತಾದ್ ಬೋಲ್ತಾ ಹೈ ಸುನಾಯಿ ನಹೀ ದೇತಾ!" ಅಂದ. ಆ ಡ್ರೈವರೂ ನಕ್ಕ. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ತಾಯಂದಿರು ತಿರುಗಿ ನೋಡಿದರು.

"ಮಜಾಕ್ ನಹೀ. ಮೇರೇಕೋ ಸುನಾಯಿ ನಹೀ ದೇತಾ. ತೀನ್ ಸಾಲ್ ಸೇ," ಅಂದೆ, ತಮಾಷೆಯಲ್ಲ, ಮೂರು ವರ್ಷದಿಂದ ಕೇಳಿಸುವುದಿಲ್ಲ ಅಂತ. ಅವನು ನಗುತ್ತಲೇ ಕೀಲಿಗೆ ಕೈ ಚಾಚಿದ. "ದೋ ನಾ ಉಸ್ತಾದ್, ಲೇಟ್ ಹೋತಾಯ್."

ಮರಾಠಿಯಲ್ಲೂ ಹೇಳಿದೆ. ಈ ಸಲ ಗಂಟಲು ಹರಿದುಹೋಗುವ ಹಾಗೆ, ಗೇಟಿನ ವಾಚ್‌ಮನ್ನಿಗೂ ಆ ತಾಯಂದಿರಿಗೂ ತಿಳಿಯುವ ಹಾಗೆ ಕೂಗಿದೆ: ಮಲಾ ಐಕೂ ಯೇತ್ ನಾಹೀ, ನನಗೆ ಕೇಳಿಸುವುದಿಲ್ಲ, ನಾನು ಪಾಸ್ ಮಾಡಿದ್ದು ಪಾಸ್ ಅಲ್ಲ, ಯಾವ ಗಾಡಿಯೂ ಅಲ್ಲ. ನನ್ನ ಹೆಸರನ್ನು ನಾನೇ ನಡುರಸ್ತೆಗೆ ಎಸೆದೆ, ಅದನ್ನು ಎಸೆಯಲು ಅಷ್ಟು ಜನ ಬೇಕಾಗಿತ್ತು.

ಹಿತೇಶನ ನಗು ನಿಂತಿತು. ನನ್ನ ಮುಖ ನೋಡಿದ. ಬಗ್ಗಿ ಯಲ್ಲಾಲಿಂಗ ಬೆಳಕು ಹಿಡಿದ ಕಡೆ ನೋಡಿದ. ಅವನ ಮುಖ ಬೆಳ್ಳಗಾಯಿತು. ಸುತ್ತಿ ಬಂದು ಜಾರು ಬಾಗಿಲು ತೆಗೆದ, ಒಂದೊಂದೇ ಮಗುವನ್ನು ಕಂಕುಳಿಗೆ ಕೈ ಹಾಕಿ ಫುಟ್‌ಪಾತಿನ ಮೇಲೆ ಇಳಿಸತೊಡಗಿದ. ನಾನು ಎಣಿಸಿದೆ. ಹನ್ನೊಂದು. ಕೊನೆಯದು ಇಳಿದು ನಿಲ್ಲುವ ತನಕ ಕೀಲಿಯನ್ನು ಮುಷ್ಟಿಯಿಂದ ಬಿಡಲಿಲ್ಲ.